ಸಿದ್ಧವಾಗಿಟ್ಟಿದ್ದ ಪಾಸ್‌ಪೋರ್ಟ್

ನಮ್ಮ ಮನೆಯ ಬೀರುವಿನ ಬಾಗಿಲಿನ ಒಳಬದಿಗೆ ಒಂದು ಹಾಳೆ ಅಂಟಿಸಿದ್ದೇನೆ. ಸ್ಕೂಟರಿನ ಇನ್ಶೂರೆನ್ಸು, ಗ್ಯಾಸಿನ ಪೈಪು, ಯಜಮಾನರ ಡ್ರೈವಿಂಗ್ ಲೈಸೆನ್ಸು, ಅವ್ವನ ಬಿ.ಪಿ. ಮಾತ್ರೆ, ನನ್ನ ಪಾಸ್‌ಪೋರ್ಟು, ಯಾವುದು ಯಾವ ತಾರೀಖಿಗೆ ಮುಗಿಯುತ್ತದೆ ಅನ್ನುವುದೆಲ್ಲ ಅದರಲ್ಲಿ ಕೆಂಪು ಶಾಯಿಯಲ್ಲಿದೆ. ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಲೆಕ್ಕ ಹೇಳಿಕೊಡುತ್ತಿರುವವಳು ನಾನು. ‘ಮರೆತುಬಿಟ್ಟೆ’ ಅನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮಕ್ಕಳನ್ನು ಬೈಯುತ್ತೇನೆ, ಯಜಮಾನರನ್ನು ಬೈಯುತ್ತೇನೆ, ಹಾಲು ತಡವಾಗಿ ತರುವವನನ್ನು ಬೈಯುತ್ತೇನೆ. ಬೀದಿಯ ಹೆಂಗಸರು ಬೆನ್ನ ಹಿಂದೆ ನನ್ನನ್ನು ಏನೆಂದು ಕರೆಯುತ್ತಾರೆ ಅನ್ನುವುದೂ ನನಗೆ ಗೊತ್ತು.

ಒಂದು ವರ್ಷ ನಮ್ಮ ಡ್ರಾಯಿಂಗ್ ಮೇಷ್ಟ್ರು ಶ್ರೀಲಂಕಾ ಟೂರಿಗೆ ಹೆಸರು ಕೊಟ್ಟಿದ್ದರು. ಹೊರಡುವ ವಾರ ತೆಗೆದು ನೋಡಿದರೆ ಅವರ ಪಾಸ್‌ಪೋರ್ಟಿನ ಅವಧಿ ಇನ್ನು ನಾಲ್ಕೇ ತಿಂಗಳು ಉಳಿದಿತ್ತು. “ನಾಲ್ಕು ತಿಂಗಳು ಇದೆಯಲ್ಲ ಮೇಡಂ, ನಾನು ಹೋಗೋದು ಐದು ದಿನಕ್ಕೆ” ಅಂದರು. ಪರದೇಶಕ್ಕೆ ಹೋಗುವವರ ಪುಸ್ತಕದಲ್ಲಿ ಕಡೇ ಪಕ್ಷ ಆರು ತಿಂಗಳು ಉಳಿದಿರಬೇಕು, ಅದಕ್ಕೇ ಒಂದು ವರ್ಷ ಮೊದಲೇ ಎಚ್ಚರವಾಗಬೇಕು ಎಂದು ಎಂಟನೇ ಕ್ಲಾಸಿನವರಿಗೆ ಹೇಳುವ ಹಾಗೆ ಹೇಳಿ, ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರು ಅವರ ಮಾನ ಕಳೆದೆ. ಆ ಮನುಷ್ಯ ನಕ್ಕು ಸುಮ್ಮನಾದರು. ಈಗ ಕಾರಿಡಾರಿನಲ್ಲಿ ಅವರು ಎದುರಿಗೆ ಬಂದರೆ ನಾನೇ ತಲೆ ತಗ್ಗಿಸಿಕೊಂಡು ಪಕ್ಕಕ್ಕೆ ಸರಿಯುತ್ತೇನೆ.

ವಿಮಾನ ಹತ್ತುವ ಆಸೆಯೇನೂ ಇಲ್ಲದ ನನಗೆ ಪಾಸ್‌ಪೋರ್ಟು ಮಾಡಿಸಿದವಳು ನನ್ನ ತಂಗಿ. ನನಗಿಂತ ಆರು ವರ್ಷ ಚಿಕ್ಕವಳು. ಹಾಸನದಲ್ಲಿ ನರ್ಸಿಂಗ್ ಓದಿ, ಅಲ್ಲೇ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಳು. ಮದುವೆ ಎರಡೇ ವರ್ಷಕ್ಕೆ ಮುರಿದುಬಿತ್ತು. ಆಮೇಲೆ ಊರಿನವರ ಬಾಯಿಂದ ತಪ್ಪಿಸಿಕೊಳ್ಳಲು ಮಸ್ಕತ್ತಿನ ಆಸ್ಪತ್ರೆಯೊಂದಕ್ಕೆ ಅರ್ಜಿ ಹಾಕಿದಳು. ತನ್ನ ಪಾಸ್‌ಪೋರ್ಟಿನ ಜೊತೆ ನನ್ನದನ್ನೂ ಹಟ ಹಿಡಿದು ಮಾಡಿಸಿದಳು.

“ಅಕ್ಕಯ್ಯ, ಅಲ್ಲಿ ನಾನೊಬ್ಳೇ ಇರ್ತೀನಿ. ಏನಾದ್ರೂ ಆದ್ರೆ ಬರಕ್ಕೆ ನಂಗೆ ನಿನ್ನ ಬಿಟ್ರೆ ಇನ್ಯಾರಿದಾರೆ? ಇದನ್ನ ಯಾವಾಗ್ಲೂ ರೆಡಿಯಾಗಿ ಇಟ್ಟಿರು.”

“ಏನೂ ಆಗಲ್ಲ, ಹೋಗೆ” ಅಂದೆ.

ಮೊದಲ ಹತ್ತು ವರ್ಷದ ಪಾಸ್‌ಪೋರ್ಟು ಒಂದೇ ಒಂದು ಮುದ್ರೆಯೂ ಬೀಳದೆ ಮುಗಿದುಹೋಯಿತು. ಪ್ರತಿ ಬೇಸಿಗೆ ರಜೆಗೂ ಬಾ ಅನ್ನುತ್ತಿದ್ದಳು. ಒಂದು ವರ್ಷ ಹತ್ತನೇ ಕ್ಲಾಸಿನ ಪೇಪರ್ ತಿದ್ದುವ ಕೆಲಸ, ಇನ್ನೊಂದು ವರ್ಷ ಅವ್ವನ ಮಂಡಿ ನೋವು, ಮತ್ತೊಂದು ವರ್ಷ ಎಂಥದೋ. ಹೋಗಬಹುದಿತ್ತು. ನಾನು ಹೋಗಲಿಲ್ಲ ಅಷ್ಟೆ. ಎರಡು ವರ್ಷಕ್ಕೊಮ್ಮೆ ಅವಳೇ ಬರುತ್ತಿದ್ದಳು. ಬಂದಾಗಲೆಲ್ಲ ಮೊದಲು ಬೀರುವಿನ ಬಾಗಿಲು ತೆಗೆದು ಆ ಹಾಳೆ ನೋಡಿ, “ಸರಿ, ಐತೆ” ಎಂದು ಮುಚ್ಚುತ್ತಿದ್ದಳು.

ಮೊದಲನೆಯದರ ಅವಧಿ ಮುಗಿಯಲು ಇನ್ನೂ ಒಂಬತ್ತು ತಿಂಗಳು ಇರುವಾಗಲೇ ಹಾಸನದ ಅಂಚೆ ಕಚೇರಿಯಲ್ಲಿರುವ ಪಾಸ್‌ಪೋರ್ಟ್ ಕೌಂಟರಿಗೆ ಹೋಗಿ ಬೆರಳು ಒತ್ತಿ, ಫೋಟೋ ಕೊಟ್ಟು, ಹೊಸದು ಮಾಡಿಸಿಕೊಂಡು ಬಂದೆ. ಕೈಗೆ ಬಂದ ದಿನವೇ ಮೊದಲ ಪುಟವನ್ನು ಸ್ಕ್ಯಾನ್ ಮಾಡಿಸಿ ಫೋನಿನಲ್ಲಿ ಇಟ್ಟುಕೊಂಡೆ, ತಂಗಿಗೂ ಕಳಿಸಿದೆ. ಪುಸ್ತಕವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ದೇವರಮನೆಯ ಟ್ರಂಕಿನಲ್ಲಿ ಜಮೀನಿನ ಪತ್ರ, ಬಾಂಡುಗಳ ಜೊತೆ ಭದ್ರ ಮಾಡಿದೆ. ಮನೆಯಲ್ಲಿ ಅದಕ್ಕಿಂತ ಜೋಪಾನವಾದ ಜಾಗ ಇನ್ನೊಂದು ಇರಲಿಲ್ಲ. ಆಮೇಲೆ ನಾಲ್ಕು ವರ್ಷ ನಾನು ನೋಡಿದ್ದು ಬೀರುವಿನ ಹಾಳೆಯ ಮೇಲಿನ ತಾರೀಖನ್ನು. ಪುಸ್ತಕವನ್ನು ಒಂದು ಸಲವೂ ತೆಗೆದು ನೋಡಲಿಲ್ಲ.

ಅವ್ವನ ವಿಷಯ ಹೇಳಬೇಕು. ನಮ್ಮೂರು ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಹತ್ತಿರ. ಅಪ್ಪ ಹೋದ ಮೇಲೆ ಜಮೀನನ್ನು ಬೆಳೆಪಾಲಿನ ವಾರಕ್ಕೆ ಕೊಟ್ಟು ಅವ್ವನನ್ನು ಇಲ್ಲಿಗೆ ಕರೆತಂದೆವು. ಅವ್ವನಿಗೆ ಅಕ್ಷರ ಬರುವುದಿಲ್ಲ. ದಿನವಿಡೀ ಏನಾದರೊಂದು ಒರೆಸುತ್ತ, ಜೋಡಿಸುತ್ತ ಇರುವ ಜೀವ. ಆಯುಧಪೂಜೆಯ ದಿನ ನಾನು, ಯಜಮಾನರು ಅವರ ಮೋಟಾರ್ ರಿವೈಂಡಿಂಗ್ ಅಂಗಡಿಯ ಪೂಜೆಗೆ ಹೋಗಿಬಿಡುತ್ತಿದ್ದೆವು. ಮನೆಯ ಪೂಜೆ ಪೂರ್ತಿ ಅವ್ವನದೇ. ಕುಡುಗೋಲು, ಈಳಿಗೆಮಣೆ, ಮಿಕ್ಸಿ, ಹೊಲಿಗೆ ಮೆಷಿನ್, ಸ್ಕೂಟರು, ನನ್ನ ಜಿಯಾಮಿಟ್ರಿ ಬಾಕ್ಸು, ಎಲ್ಲಕ್ಕೂ ನೀರಿನಲ್ಲಿ ಕಲಸಿದ ಅರಿಶಿನ ಹಚ್ಚಿ ಮೇಲೆ ಮೂರು ಬೊಟ್ಟು ಕುಂಕುಮ. ಅಪ್ಪ ಹೋದ ಮೇಲೆ ತಾನು ಹಣೆಗೆ ಇಟ್ಟುಕೊಳ್ಳದ ಕುಂಕುಮವನ್ನು ಮನೆಯ ವಸ್ತುಗಳಿಗೆಲ್ಲ ಇಡುತ್ತಿದ್ದಳು. ಪಕ್ಕದ ಮನೆಯವರು ಒಂದು ಸಲ ಏನೋ ಕೊಂಕು ತೆಗೆದದ್ದಕ್ಕೆ ನಾನು ಅವರ ಮನೆಗೇ ಹೋಗಿ ಜಾಡಿಸಿ ಬಂದಿದ್ದೆ.

ಕಳೆದ ವರ್ಷಕ್ಕೆ ಹಿಂದಿನ ವರ್ಷ, ಕಾರ್ತಿಕ ಮಾಸದ ಒಂದು ಸೋಮವಾರ ಮಧ್ಯಾಹ್ನ, ನಾನು ಒಂಬತ್ತನೇ ಕ್ಲಾಸಿನಲ್ಲಿ ತ್ರಿಭುಜದ ಪಾಠ ಮಾಡುತ್ತಿದ್ದಾಗ ಫೋನ್ ಬಂತು. ತಂಗಿಯ ರೂಮಿನಲ್ಲಿದ್ದ ಕೇರಳದ ನರ್ಸು. ಡ್ಯೂಟಿಯಲ್ಲಿರುವಾಗಲೇ ಇವಳು ಕುಸಿದು ಬಿದ್ದಿದ್ದಾಳೆ, ಮೆದುಳಿನಲ್ಲಿ ರಕ್ತಸ್ರಾವ, ಈಗ ಎಚ್ಚರವಿದೆ, ಆಪರೇಷನ್ ಆಗಬೇಕು, ಮನೆಯವರು ಯಾರಾದರೂ ಬಂದರೆ ಒಳ್ಳೆಯದು. ಸ್ವಲ್ಪ ಹೊತ್ತಿಗೆ ತಂಗಿಯೇ ವಿಡಿಯೋದಲ್ಲಿ ಬಂದಳು. ಮುಖ ಊದಿಕೊಂಡಿತ್ತು, ಒಂದು ಕಣ್ಣು ಅರ್ಧ ಮುಚ್ಚಿತ್ತು.

“ಅಕ್ಕಯ್ಯ, ಬತ್ತೀಯಾ?”

“ಬತ್ತೀನಿ. ಬುಧವಾರ ಹೊರಟು ಬಂದುಬಿಡ್ತೀನಿ.”

“ಪಾಸ್‌ಪೋರ್ಟು?”

“ರೆಡಿ ಐತೆ ಕಣೆ. ಇನ್ನೂ ಆರು ವರ್ಷ ಐತೆ.”

ನಕ್ಕಳು. ಅಷ್ಟು ನೋವಿನಲ್ಲೂ ಆ ಮಾತಿಗೆ ಅವಳು ನಿಶ್ಚಿಂತಳಾದದ್ದು ನನಗೆ ಕಾಣಿಸಿತು. ನನಗೂ ಒಳಗೊಳಗೇ ಹೆಮ್ಮೆಯಾಯಿತು. ಬೇರೆಯವರಾಗಿದ್ದರೆ ಈಗ ಪಾಸ್‌ಪೋರ್ಟ್ ಮಾಡಿಸಲು ಓಡಾಡುತ್ತಿದ್ದರು ಅಂದುಕೊಂಡೆ. ಅಂಥ ಹೊತ್ತಿನಲ್ಲೂ ಆ ಹೆಮ್ಮೆ ಪಟ್ಟೆನಲ್ಲ, ಅದು ಈಗಲೂ ನನ್ನನ್ನು ಚುಚ್ಚುತ್ತದೆ.

ಫೋನಿನಲ್ಲಿದ್ದ ಸ್ಕ್ಯಾನನ್ನೇ ಹಾಸನದ ಟ್ರಾವೆಲ್ಸಿನವರಿಗೆ ಕಳಿಸಿದೆ. ಮಾರನೆಯ ದಿನ ಸಂಜೆಯೊಳಗೆ ವೀಸಾ ಬಂತು, ಟಿಕೆಟ್ಟೂ ಆಯಿತು. ಬುಧವಾರ ಬೆಳಿಗ್ಗೆ ಅವ್ವ ದೇವರಮನೆಯ ಟ್ರಂಕು ತೆಗೆದು, ಪಾಸ್‌ಪೋರ್ಟನ್ನು ಕವರಿನ ಸಮೇತ ದೇವರ ಮುಂದಿಟ್ಟು, ಕಣ್ಣಿಗೊತ್ತಿಕೊಂಡು ನನ್ನ ಕೈಗೆ ಕೊಟ್ಟಳು. “ಅವಳ ತಲೆ ಸವರಿ ಬಾ ಮಗ” ಅಂದಳು. ನಾನು ಕವರನ್ನು ಹಾಗೇ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡೆ. ತಂಗಿಗೆ ಅಂತ ಅವ್ವ ಮಾಡಿದ್ದ ಚಟ್ನಿಪುಡಿ, ಹುರಿಹಿಟ್ಟಿನ ಡಬ್ಬಗಳು ಚೀಲದಲ್ಲಿದ್ದವು.

ಯಜಮಾನರು ಪರಿಚಯದವರ ಕಾರು ತಂದಿದ್ದರು. ಚನ್ನರಾಯಪಟ್ಟಣದ ಮೇಲೆ ಹೈವೇ ಹಿಡಿದು ವಿಮಾನ ನಿಲ್ದಾಣ ಮುಟ್ಟಿದಾಗ ಮಧ್ಯಾಹ್ನ ಒಂದು ಗಂಟೆ. ವಿಮಾನಕ್ಕೆ ಇನ್ನೂ ಮೂರೂವರೆ ಗಂಟೆ ಇತ್ತು. ಕೌಂಟರಿನ ಹುಡುಗಿ ಪಾಸ್‌ಪೋರ್ಟು ತೆಗೆದುಕೊಂಡು, ಫೋಟೋ ಇರುವ ಪುಟ ಬಿಡಿಸಿ, ಒಂದು ಸಣ್ಣ ಯಂತ್ರದ ಮೇಲೆ ಒತ್ತಿದಳು. ಮತ್ತೆ ಒತ್ತಿದಳು. ಪುಸ್ತಕ ಎತ್ತಿ ಬೆಳಕಿಗೆ ಹಿಡಿದಳು. ಆಗ ನಾನು ನೋಡಿದೆ.

ಪುಟದ ಕೆಳಭಾಗ ಪೂರ್ತಿ ಹಳದಿ. ಅದರ ಮೇಲೆ ಸಾಲಾಗಿ ಮೂರು ಕೆಂಪು ಕಲೆ. ಹೆಸರು, ನಂಬರು, ಬಾಣದ ಗುರುತುಗಳಿರುವ ಎರಡು ಉದ್ದ ಸಾಲುಗಳನ್ನೇ ಆ ಯಂತ್ರ ಓದುವುದು. ಅವು ಉಜ್ಜಿ ಉಜ್ಜಿ ಮಸುಕಾಗಿದ್ದವು. ಮೇಲಿನ ತೆಳು ಪ್ಲಾಸ್ಟಿಕ್ ಪದರ ಅಂಚಿನಲ್ಲಿ ಎದ್ದು ಒಳಗೆ ಅರಿಶಿನದ ನೀರು ಇಳಿದಿತ್ತು. ನನಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ನಾಲ್ಕು ಆಯುಧಪೂಜೆ. ಪ್ರತಿ ವರ್ಷ ಹಳೆಯದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಹೊಸದಾಗಿ ಅರಿಶಿನ, ಹೊಸದಾಗಿ ಕುಂಕುಮ.

“ಮೇಡಂ, ಪಾಸ್‌ಪೋರ್ಟ್ ಡ್ಯಾಮೇಜ್ ಆಗಿದೆ. ಇದರಲ್ಲಿ ಕಳಿಸೋಕಾಗಲ್ಲ” ಅಂದಳು ಆ ಹುಡುಗಿ.

ನಾನು ಬೀರುವಿನ ಹಾಳೆಯನ್ನೇ ಬಾಯಿಪಾಠ ಒಪ್ಪಿಸಿದೆ. ಇನ್ನೂ ಆರು ವರ್ಷ ಅವಧಿ ಇದೆ, ವೀಸಾ ಇದೆ, ತಂಗಿ ಸಾಯುತ್ತಿದ್ದಾಳೆ ಅಂದೆ. ಮೇಲಿನವರನ್ನು ಕರೆಸಿದಳು. ಅವರು ಇನ್ನೂ ಮೆತ್ತಗೆ ಮಾತಾಡಿದರು. ಕಳಿಸಿದರೂ ಅಲ್ಲಿ ಇಳಿದ ಕೂಡಲೇ ವಾಪಸ್ ಹತ್ತಿಸುತ್ತಾರೆ, ಹಾಳಾದ ಪಾಸ್‌ಪೋರ್ಟು ಇದ್ದರೂ ಇಲ್ಲದ ಹಾಗೇ ಅಂದರು. ನಾನು ಕಿರುಚಿದೆ. ಮೂವತ್ತು ಜನ ತಿರುಗಿ ನೋಡಿದರು. ಯಜಮಾನರು ಗಾಜಿನ ಆಚೆ ನಿಂತು ಕೈಸನ್ನೆಯಲ್ಲಿ ಏನಾಯಿತು ಅನ್ನುತ್ತಿದ್ದರು. ನಾನು ಪುಸ್ತಕ ಬಿಡಿಸಿ ಗಾಜಿಗೆ ಒತ್ತಿ ತೋರಿಸಿದೆ.

ವಾಪಸ್ ಬರುವಾಗ ನೂರು ಸಲ ಅವ್ವನನ್ನು ಬೈದೆ. ಮನಸ್ಸಿನಲ್ಲಲ್ಲ, ಬಾಯಿಬಿಟ್ಟೇ ಬೈದೆ. ಮುದುಕಿಗೆ ಬುದ್ಧಿ ಬೇಡವೇ, ಸಿಕ್ಕಸಿಕ್ಕಿದ್ದಕ್ಕೆಲ್ಲ ಬಳಿಯೋದಾ, ಮನೆಗೆ ಹೋಗಲಿ ಮಾಡ್ತೀನಿ ಅಂತ. ಯಜಮಾನರು ಚನ್ನರಾಯಪಟ್ಟಣ ದಾಟುವ ಮೊದಲು ರಸ್ತೆ ಪಕ್ಕದ ಹೋಟೆಲಿನ ಮುಂದೆ ನಿಲ್ಲಿಸಿ, “ಮೊದಲು ಅವಳಿಗೆ ಹೇಳು” ಅಂದರು.

ಫೋನು ತಂಗಿಯ ಕಿವಿಗೆ ಹಿಡಿದವಳು ಆ ಕೇರಳದ ಹುಡುಗಿ. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ.

“ಅವ್ವನ್ನ ಬೈಬೇಡ ಅಕ್ಕಯ್ಯ” ಅಂದಳು. ನಾಲಿಗೆ ತೊದಲುತ್ತಿತ್ತು. “ಅವ್ವಂಗೆ ಹೇಳ್ಲೇಬೇಡ. ವೀಸಾ ತಡ ಆಯ್ತು ಅಂತ ಹೇಳು.”

ಆಯ್ತು ಅಂದೆ. ಬೇಗ ಬತ್ತೀನಿ ಅಂದೆ. ನನ್ನ ತಂಗಿಯ ಜೊತೆ ಆಡಿದ ಕೊನೆಯ ಮಾತು ಅದು. ಹೋಟೆಲಿನವನು ತಂದಿಟ್ಟ ಕಾಫಿ ಹಾಗೇ ಆರಿಹೋಯಿತು.

ಮನೆಯಲ್ಲಿ ಬಾಗಿಲಲ್ಲೇ ಕೂತಿದ್ದ ಅವ್ವನಿಗೆ ವೀಸಾದ್ದು ಏನೋ ತೊಂದರೆ, ಎರಡು ಮೂರು ದಿನ ಆಗುತ್ತೆ ಅಂದೆ. ಗುರುವಾರವೇ ಹೊಸ ಪಾಸ್‌ಪೋರ್ಟಿಗೆ ತತ್ಕಾಲ್ ಅರ್ಜಿ ಹಾಕಿದೆ. ಹಾಳಾದದ್ದು ಹೇಗೆ ಅಂತ ಬರೆದುಕೊಡಬೇಕಿತ್ತು. ಪೆನ್ನು ಹಿಡಿದು ಕೂತೆ. ಮೊದಲು ಇದ್ದ ಸಂಗತಿಯನ್ನೇ ಬರೆದೆ: ಪೂಜೆಯಲ್ಲಿ ಅರಿಶಿನ ಕುಂಕುಮ ಹಚ್ಚಿದ್ದರಿಂದ. ಅದರ ಮುಂದೆ ‘ನನ್ನ ತಾಯಿ’ ಅಂತ ಬರೆಯಲು ಹೋಗಿ ಕೈ ನಿಂತಿತು. ‘ನನ್ನ ಅಜಾಗರೂಕತೆಯಿಂದ’ ಎಂದು ಬರೆದು ಸಹಿ ಹಾಕಿದೆ. ಬರೆಯುವಾಗ ಅವ್ವನನ್ನು ಉಳಿಸುತ್ತಿದ್ದೇನೆ ಅಂದುಕೊಂಡಿದ್ದೆ. ಆಮೇಲೆ ಓದಿಕೊಂಡಾಗ ಅದೇ ನಿಜ ಅನ್ನಿಸಿತು. ಪುಸ್ತಕ ನನ್ನದು. ನಾಲ್ಕು ವರ್ಷದಲ್ಲಿ ಒಂದು ಸಲ ಬಿಡಿಸಿ ನೋಡಿದ್ದರೆ ಸಾಕಿತ್ತು.

ಶುಕ್ರವಾರ ನಾನು ಇನ್ನೊಂದು ಕಾಗದಕ್ಕಾಗಿ ಹಾಸನಕ್ಕೆ ಹೋಗಿದ್ದಾಗ, ಆ ಅರ್ಜಿಯ ವಿಚಾರಣೆಗೆ ಅಂತ ಪೊಲೀಸಿನವರೊಬ್ಬರು ಮನೆಗೆ ಬಂದಿದ್ದರಂತೆ. “ಪೋಲೀಸ್ನೋರು ಬಂದಿದ್ರು. ನಾಳೆ ಟೇಸನ್ನಿಗೆ ಬಂದು ಸೈನ್ ಆಕ್ಬೇಕಂತೆ” ಅಂದಳು ಅವ್ವ. ಅಷ್ಟೇ ಅಂದದ್ದು. ಆ ದಿನದಿಂದ ಅವಳು ಊಟ ಬಿಟ್ಟಳು. ತಂಗಿಯ ಚಿಂತೆಗೆ ಅಂದುಕೊಂಡೆ.

ಶನಿವಾರ ಬೆಳಿಗ್ಗೆ ಠಾಣೆಯ ಬೆಂಚಿನ ಮೇಲೆ ಕೂತಿದ್ದೆ. ಸಹಿ ಹಾಕಬೇಕಾದ ಹಾಳೆ ತೊಡೆಯ ಮೇಲಿತ್ತು. ಕೇರಳದ ಹುಡುಗಿಯ ಫೋನ್ ಬಂತು. ಅವಳು ಅಳುತ್ತಿದ್ದಳು, ಏನು ಹೇಳುತ್ತಿದ್ದಾಳೆ ಅಂತ ಕೇಳುವುದೇನೂ ಉಳಿದಿರಲಿಲ್ಲ. ಎದುರಿನ ಪೇದೆ, “ಇಲ್ಲಿ ಮೇಡಂ, ಇಲ್ಲೊಂದು ಸೈನು” ಎಂದು ಬೆರಳಿಟ್ಟು ತೋರಿಸಿದರು. ನಾನು ಹಾಕಿದೆ. ಯಾಕೆ ಹಾಕಿದೆನೋ ತಿಳಿಯದು.

ಆರು ದಿನದ ಮೇಲೆ ತಂಗಿ ಪೆಟ್ಟಿಗೆಯಲ್ಲಿ ಬಂದಳು. ನಾನು ಹೊರಡಬೇಕಾಗಿದ್ದ ವಿಮಾನ ನಿಲ್ದಾಣದ ಹಿಂಬಾಗಿಲಿಗೆ ಹೋಗಿ ಅವಳನ್ನು ಇಳಿಸಿಕೊಂಡೆವು. ಆಂಬುಲೆನ್ಸು ಚನ್ನರಾಯಪಟ್ಟಣದ ಅದೇ ಹೋಟೆಲಿನ ಮುಂದೆ ಹಾದುಹೋಯಿತು. ಮಲ್ಲಿಪಟ್ಟಣದ ಆಚೆ ನಮ್ಮ ಹೊಲದಲ್ಲಿ ಅಪ್ಪನ ಪಕ್ಕದಲ್ಲಿ ಮಣ್ಣು ಮಾಡಿದೆವು. ಅವಳ ಕಾಗದಪತ್ರದ ಜೊತೆ ಅವಳ ಪಾಸ್‌ಪೋರ್ಟೂ ಬಂದಿತ್ತು. ಮೂಲೆ ಕತ್ತರಿಸಿ, ರದ್ದು ಅಂತ ಮುದ್ರೆ ಒತ್ತಿದ್ದರು. ಪುಟಗಳೆಲ್ಲ ಶುಭ್ರವಾಗಿದ್ದವು, ಒಂದು ಕಲೆಯೂ ಇರಲಿಲ್ಲ.

ಮಾರನೆಯ ದಿನ ಪೋಸ್ಟ್‌ಮ್ಯಾನ್ ನನ್ನ ಹೊಸ ಪಾಸ್‌ಪೋರ್ಟು ತಂದುಕೊಟ್ಟ.

ಒಂದು ವರ್ಷ ಮನೆಯಲ್ಲಿ ಹಬ್ಬ ಇರಲಿಲ್ಲ. ನಾನು ಅವ್ವನಿಗೆ ಹೇಳಲಿಲ್ಲ. ಬೈಯಲೂ ಇಲ್ಲ. ಆ ಒಂದನ್ನು ಮಾತ್ರವಲ್ಲ, ಬೇರೆ ಯಾವುದಕ್ಕೂ ಅವ್ವನನ್ನು ಬೈಯದಾದೆ. ಸಾರಿಗೆ ಎರಡು ಸಲ ಉಪ್ಪು ಹಾಕಿದರೆ ಸುಮ್ಮನೆ ಉಂಡು ಏಳುತ್ತಿದ್ದೆ. ಮಾತ್ರೆ ಮರೆತರೆ ನಾನೇ ತಂದು ಕೈಯಲ್ಲಿಡುತ್ತಿದ್ದೆ. ಬಾಯಿ ಬಿಟ್ಟರೆ ಎಲ್ಲಿ ಅದೇ ಬಂದುಬಿಡುತ್ತದೋ ಅನ್ನುವ ಹೆದರಿಕೆ. ನಾವಿಬ್ಬರೂ ಒಂದೇ ಮನೆಯಲ್ಲಿ ನೆಂಟರ ಹಾಗೆ ಇದ್ದೆವು. ರಾತ್ರಿ ನನಗೆ ನಿದ್ದೆ ಬರುತ್ತಿರಲಿಲ್ಲ, ಅವ್ವನಿಗೂ ಬರುತ್ತಿರಲಿಲ್ಲ. ಒಬ್ಬರ ಹೊರಳಾಟ ಇನ್ನೊಬ್ಬರಿಗೆ ಕೇಳಿಸುತ್ತಿತ್ತು.

ಈ ಸಲ ಆಯುಧಪೂಜೆ ಮಾಡಿದೆವು. ಅಂಗಡಿಗೆ ಯಜಮಾನರೊಬ್ಬರೇ ಹೋದರು, ನಾನು ಮನೆಯಲ್ಲೇ ಉಳಿದೆ. ಅವ್ವ ಹಾಲಿನಲ್ಲಿ ಮಣೆಗಳನ್ನು ಹಾಕಿ ಕುಡುಗೋಲು, ಈಳಿಗೆಮಣೆ, ಮಿಕ್ಸಿ ಎಲ್ಲ ಜೋಡಿಸಿದ್ದಳು. ಪಾಸ್‌ಪೋರ್ಟು ಕಾಣಲಿಲ್ಲ. ಟ್ರಂಕಿನಲ್ಲಿ ಅದು ಇಲ್ಲದ್ದಕ್ಕೆ ಅವ್ವನಿಗೆ ಅನುಮಾನ ಬಂದೀತು, ಎಂದಿನಂತೆ ಇದೆ ಅನ್ನಿಸಲಿ ಎಂದು ನಾನೇ ಬೀರುವಿನಿಂದ ಹೊಸದನ್ನು ತಂದು ಜಿಯಾಮಿಟ್ರಿ ಬಾಕ್ಸಿನ ಪಕ್ಕ ಇಟ್ಟೆ. ಹಾಳಾದರೆ ಹಾಳಾಗಲಿ. ಇನ್ನು ಅದನ್ನು ತಗೊಂಡು ನಾನು ಹೋಗಬೇಕಾದದ್ದು ಎಲ್ಲಿಗೆ?

ಅವ್ವ ಬಟ್ಟಲು ಹಿಡಿದು ಒಂದೊಂದಕ್ಕೇ ಬೊಟ್ಟು ಇಡುತ್ತ ಬಂದಳು. ಪಾಸ್‌ಪೋರ್ಟಿನ ಹತ್ತಿರ ಬಂದಾಗ ಕೈ ಹಿಂದಕ್ಕೆ ಎಳೆದುಕೊಂಡಳು. ಬೆರಳನ್ನು ಸೆರಗಿಗೆ ಒರೆಸಿದಳು, ಒಂದು ಸಲ ಅಲ್ಲ, ಮತ್ತೆ ಮತ್ತೆ ಒರೆಸಿದಳು.

“ಅದನ್ನ ಎತ್ತಿಡು ಮಗ.”

“ಯಾಕವ್ವ?”

“ಆ ಪೋಲೀಸ್ನೋರು ಏಳಿದ್ರು ಕಣವ್ವ. ಅರ್ಜೀಲಿ ಬರ್ದೈತೆ, ಅರಿಶಿಣ ಕುಂಕುಮ ಅಂಟಿ ಪುಸ್ತಕ ಕೆಟ್ಟೋಯ್ತಂತೆ, ಅದಕ್ಕೇ ಬುಡ್ನಿಲ್ವಂತೆ ಅಂತ.” ಅವ್ವ ನೆಲ ನೋಡುತ್ತಲೇ ಮಾತಾಡಿದಳು. “ನಿನ್ ಪೋಟೋಗೆ ಇಡ್ನಿಲ್ಲ ಕಣವ್ವ. ಬದ್ಕಿರೋರ ಪೋಟೋಗೆ ಕುಂಕುಮ ಇಡಬಾರ್ದು ಅಂತ ನಂಗೂ ಗೊತ್ತಿತ್ತು. ಕೆಳಗೆ ಸೀರೆ ಅಂಚಿನಂಗೆ ಏನೋ ಇತ್ತಲ್ಲ, ಅಲ್ಲಿ ಇಟ್ರೆ ಏನೂ ಆಗಾಕಿಲ್ಲ ಅಂದ್ಕಂಡೆ. ಮಗೀನತ್ರಕ್ಕೆ ಓಗೋ ದಾರಿ ಅದು ಒಂದೇ ಅಲ್ವಾ, ಅದಕ್ಕೆ ಇಟ್ಟೆ.”

ಎರಡು ವರ್ಷ ನಾನು ಮುಚ್ಚಿಟ್ಟಿದ್ದೇನೆ ಅಂದುಕೊಂಡದ್ದನ್ನು ಅವಳು ನನಗಿಂತ ಗಟ್ಟಿಯಾಗಿ ಮುಚ್ಚಿಟ್ಟುಕೊಂಡಿದ್ದಳು.

“ನೀನು ಉಪ್ಪು ಜಾಸ್ತಿಯಾದ್ರೂ ಬೈಯ್ಯೋಳು” ಅಂದಳು. “ಇದಕ್ಕೆ ಒಂದು ಮಾತೂ ಬೈನಿಲ್ಲ. ಇವತ್ತು ಬೈತಾಳೆ, ನಾಳೆ ಬೈತಾಳೆ ಅಂತ ಕಾಯ್ಕಂಡು ಕೂತಿದೀನಿ ಕಣವ್ವ.”

“ಅವಳು ಬೈಬೇಡ ಅಂದಿದ್ಲು ಅವ್ವ.”

ಅವ್ವ ಬಟ್ಟಲು ಕೆಳಗಿಟ್ಟು ಮಿಕ್ಸಿಯ ಪಕ್ಕ ನೆಲದ ಮೇಲೆ ಕೂತುಬಿಟ್ಟಳು. “ಅವ್ಳು ಅಂಗೇ ಅನ್ನೋಳು. ನೀನು ಬೈದ್ಬುಡು” ಅಂದಳು.

ನಾನು ಬೈದೆ. ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಬೈದೆ. ಸರ್ಕಾರದ ಪುಸ್ತಕಕ್ಕೆ ಯಾರಾದರೂ ಕುಂಕುಮ ಇಡ್ತಾರಾ, ಕೇಳಬಾರದಾಗಿತ್ತಾ, ನನಗೊಂದು ಮಾತು ಹೇಳಬಾರದಾಗಿತ್ತಾ, ಒಬ್ಬಳೇ ಸತ್ತಳಲ್ಲವ್ವ, ನಾನು ಬರ್ತೀನಿ ಅಂತ ಬಾಗಿಲು ನೋಡ್ಕೊಂಡು ಸತ್ತಳಲ್ಲ. ಬೈಯುತ್ತ ಬೈಯುತ್ತ ನಾನು ಯಾರನ್ನು ಬೈಯುತ್ತಿದ್ದೇನೆ ಅನ್ನುವುದೇ ಗೊತ್ತಾಗದೆ ಹೋಯಿತು. ಅವ್ವ ತಲೆ ತಗ್ಗಿಸಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಪೂರ್ತಿ ಕೇಳಿಸಿಕೊಂಡಳು. ಅಳು ನುಗ್ಗಿ ನಾನು ಮಾತು ನಿಲ್ಲಿಸಿದಾಗ ಮುಖ ಎತ್ತಿ ನೋಡಿದಳು.

“ಇನ್ನೂ ಐತೆ” ಅಂದಳು. “ಬೈಯವ್ವ.”